ಸಂಶ್ಲೇಷಣಾ ಅನಿಲದಿಂದ ಲೇಶ ಲೋಹಗಳ ನಿವಾರಣೆ
(ಹೈದರಾಬಾದಿನ ಕಲ್ಲಿದ್ದಲು ಅನಿಲೀಕರಣ ಪ್ರಯೋಗಗಳ ಹಿನ್ನೆಲೆಯಲ್ಲಿ)

2021ರ ಸೆಪ್ಟೆಂಬರ್ ತಿಂಗಳಲ್ಲಿ ಹೈದರಾಬಾದಿನಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯ ಸಂಶೋಧನಾ ವಿಭಾಗವು ಒಂದು ಪ್ರಾಯೋಗಿಕ ಸ್ಥಾವರವನ್ನು ಯಶಸ್ವಿಯಾಗಿ ನಡೆಸಿ ತೋರಿಸಿತು. ಹೆಚ್ಚು ಬೂದಿಯುಳ್ಳ ನಮ್ಮ ದೇಶದ ಕಲ್ಲಿದ್ದಲನ್ನು ದಿನಕ್ಕೆ 1.2 ಟನ್ನಿನಂತೆ ಅನಿಲವಾಗಿ ಪರಿವರ್ತಿಸಿ, ಆ ಅನಿಲದಿಂದ ದಿನಕ್ಕೆ 0.25 ಟನ್ ಮೆಥನಾಲ್ ತಯಾರಿಸುವ ಸ್ಥಾವರ ಅದು. ನೀತಿ ಆಯೋಗದ ಪ್ರೇರಣೆಯಿಂದ 2016ರಲ್ಲಿ ಕೈಗೊಂಡ ಈ ಕಾರ್ಯಕ್ಕೆ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 10 ಕೋಟಿ ರೂಪಾಯಿಗಳ ನೆರವು ನೀಡಿತ್ತು. 2022ರ ಜನವರಿಯಲ್ಲಿ ಸ್ಥಾವರವನ್ನು ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ದೇಶಕ್ಕೆ ಬೇಕಾದ ಮೆಥನಾಲಿನ ಬಹುಪಾಲು ಹೊರದೇಶಗಳಿಂದ ಬರುತ್ತಿರುವಾಗ ಇಂಥ ಪ್ರಯತ್ನದ ಮಹತ್ವವನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಆದರೆ ಕಲ್ಲಿದ್ದಲಿನಿಂದ ಹೊರಟ ಅನಿಲವು ಮೆಥನಾಲ್ ಆಗುವ ಮುನ್ನ ಹಲವು ಹಂತಗಳಲ್ಲಿ ಶುದ್ಧಿಗೊಳ್ಳಬೇಕಾಗುತ್ತದೆ. ಬೂದಿ, ಟಾರು, ಗಂಧಕ ಇವುಗಳ ನಿವಾರಣೆಯ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಅನಿಲದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಅಡಗಿರುವ ಪಾದರಸ, ಆರ್ಸೆನಿಕ್, ಕಬ್ಬಿಣ, ನಿಕ್ಕಲ್ ಮುಂತಾದ ಲೋಹಾಂಶಗಳ ವಿಚಾರ ಮಾತ್ರ ತಜ್ಞರ ವಲಯದ ಹೊರಗೆ ಅಷ್ಟಾಗಿ ಪರಿಚಿತವಾಗಿಲ್ಲ. ಇವುಗಳನ್ನು ಲೇಶ ಲೋಹಗಳೆಂದು ಕರೆಯಬಹುದು. ಶಾಸ್ತ್ರೀಯವಾಗಿ ಆರ್ಸೆನಿಕ್ ಪೂರ್ಣ ಲೋಹವಲ್ಲ, ಇದೇ ಗುಂಪಿನಲ್ಲಿ ಸೇರಿಸುವ ಸೆಲೆನಿಯಂ ಕೂಡ ಅಲ್ಲ. ಆದರೂ ಅನಿಲಶೋಧನೆಯ ದೃಷ್ಟಿಯಿಂದ ಇವೆಲ್ಲವನ್ನೂ ಒಟ್ಟಿಗೆ ಎಣಿಸುವುದು ರೂಢಿ.

ಅನಿಲ ಹುಟ್ಟುವ ಬಗೆ

ಕಲ್ಲಿದ್ದಲನ್ನು ಸಾಕಷ್ಟು ಗಾಳಿಯಲ್ಲಿ ಉರಿಸಿದರೆ ಶಾಖ ದೊರೆಯುತ್ತದೆ, ಉಳಿಯುವುದು ಹೊಗೆ ಮತ್ತು ಬೂದಿ. ಅದನ್ನೇ ಮಿತವಾದ ಆಮ್ಲಜನಕ ಹಾಗೂ ನೀರಿನ ಆವಿಯೊಡನೆ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ವರ್ತಿಸುವಂತೆ ಮಾಡಿದರೆ, ಪೂರ್ಣವಾಗಿ ಉರಿದುಹೋಗದೆ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕಗಳ ಮಿಶ್ರಣವಾಗುತ್ತದೆ. ಇದರಿಂದ ಅಮೋನಿಯಾ, ಮೆಥನಾಲ್, ಕೃತಕ ಪೆಟ್ರೋಲು ಮೊದಲಾದ ಅನೇಕ ಪದಾರ್ಥಗಳನ್ನು ಸಂಶ್ಲೇಷಿಸಬಹುದಾದ ಕಾರಣ ಇದಕ್ಕೆ ಸಂಶ್ಲೇಷಣಾ ಅನಿಲ ಎಂಬ ಹೆಸರು ಬಂದಿದೆ.

ಹೈದರಾಬಾದಿಗೂ ಈ ವಿದ್ಯೆಗೂ ಹಳೆಯ ನಂಟಿದೆ. 1944ರಲ್ಲಿ ನಿಜಾಮರ ರಾಜ್ಯದ ವೈಜ್ಞಾನಿಕ ಪ್ರಯೋಗಾಲಯವಾಗಿ ಸ್ಥಾಪನೆಗೊಂಡು, 1956ರಲ್ಲಿ ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿಗೆ ಸೇರಿದ ಪ್ರಾದೇಶಿಕ ಸಂಶೋಧನಾಲಯವು ಕಲ್ಲಿದ್ದಲಿನ ಸಂಶೋಧನೆಯಲ್ಲಿ ಮೊದಲಿನಿಂದಲೂ ಹೆಸರು ಗಳಿಸಿತ್ತು. 1989ರಿಂದ ಅದು ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಎಂಬ ಹೆಸರಿನಲ್ಲಿ ಕಾರ್ಯ ನಿರ್ವಹಿಸುತ್ತಿದೆ. 1980ರ ದಶಕದಲ್ಲಿ ಅಲ್ಲಿ ದಿನಕ್ಕೆ 24 ಟನ್ ಕಲ್ಲಿದ್ದಲನ್ನು ಒತ್ತಡದಲ್ಲಿ ಅನಿಲೀಕರಿಸುವ ಪ್ರಾಯೋಗಿಕ ಸ್ಥಾವರವಿತ್ತು. ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯೂ ನಗರದಲ್ಲಿ ದಿನಕ್ಕೆ 18 ಟನ್ ಸಾಮರ್ಥ್ಯದ ದ್ರವೀಕೃತ ಸ್ತರದ ಅನಿಲೀಕರಣ ಘಟಕವನ್ನು ನಿರ್ಮಿಸಿ, ಅಲ್ಲಿಯ ಅನುಭವವನ್ನು ತಿರುಚಿರಾಪಳ್ಳಿಯ 6.2 ಮೆಗಾವಾಟ್ ವಿದ್ಯುತ್ ಪ್ರಾತ್ಯಕ್ಷಿಕಾ ಸ್ಥಾವರಕ್ಕೆ ಬಳಸಿಕೊಂಡಿತು. ದ್ರವೀಕೃತ ಸ್ತರವೆಂದರೆ, ಕೆಳಗಿನಿಂದ ನುಗ್ಗುವ ಅನಿಲದ ವೇಗಕ್ಕೆ ಕಲ್ಲಿದ್ದಲಿನ ಹರಳುಗಳು ಕುದಿಯುವ ಅನ್ನದ ಅಗುಳುಗಳಂತೆ ಮೇಲೆ ಕೆಳಗೆ ಆಡುತ್ತಿರುವ ಸ್ಥಿತಿ. ಶೇಕಡ 35ರಿಂದ 45ರಷ್ಟು ಬೂದಿಯಿರುವ ನಮ್ಮ ಕಲ್ಲಿದ್ದಲಿಗೆ ಈ ವಿಧಾನ ಹೊಂದುತ್ತದೆಂಬುದು ಅನುಭವದಿಂದ ಕಂಡುಬಂದಿದೆ.

ಇದೇ ರಾಜ್ಯದ ರಾಮಗುಂಡಂನಲ್ಲಿ 1980ರಲ್ಲಿ ಕಲ್ಲಿದ್ದಲು ಆಧಾರಿತ ರಸಗೊಬ್ಬರ ಕಾರ್ಖಾನೆಯೊಂದು ಉತ್ಪಾದನೆ ಆರಂಭಿಸಿ 1999ರಲ್ಲಿ ಮುಚ್ಚಿಹೋಯಿತು. ಈಗ ಅಲ್ಲಿರುವುದು ನೈಸರ್ಗಿಕ ಅನಿಲವನ್ನು ಬಳಸುವ ಹೊಸ ಕಾರ್ಖಾನೆ. ಹಳೆಯ ಕಾರ್ಖಾನೆಯ ಸೋಲಿಗೆ ಕಲ್ಲಿದ್ದಲಿನ ಗುಣಮಟ್ಟ, ವಿದ್ಯುತ್ತಿನ ಅಡಚಣೆ ಮೊದಲಾದ ಸ್ಥೂಲ ಕಾರಣಗಳಿದ್ದವು. ಲೇಶ ಲೋಹಗಳ ಸರದಿ ಬರುವುದು ಇಂಥ ತೊಡಕುಗಳು ಬಗೆಹರಿದ ಮೇಲೆಯೇ. ಸ್ಥಾವರ ತಿಂಗಳುಗಟ್ಟಲೆ ನಿಲ್ಲದೆ ಓಡತೊಡಗಿದಾಗ ಮಾತ್ರ ಅವು ತಮ್ಮ ಇರವನ್ನು ತೋರಿಸುತ್ತವೆ.

ಕಲ್ಲಿದ್ದಲಿನಲ್ಲಿ ಲೋಹವೆಲ್ಲಿಂದ ಬಂತು?

ಕಲ್ಲಿದ್ದಲು ಮೂಲತಃ ಕೆಸರಿನಲ್ಲಿ ಹೂತ ಸಸ್ಯರಾಶಿ. ಸಸ್ಯಗಳು ಹೀರಿಕೊಂಡಿದ್ದ ಖನಿಜಗಳ ಜೊತೆಗೆ, ಹೂತ ಮೇಲೆ ನೆಲದ ನೀರು ತಂದು ಸೇರಿಸಿದ ಖನಿಜಗಳೂ ಅದರಲ್ಲಿರುತ್ತವೆ. ಪಾದರಸ, ಆರ್ಸೆನಿಕ್‌ಗಳು ಹೆಚ್ಚಾಗಿ ಕಬ್ಬಿಣದ ಗಂಧಕಯುಕ್ತ ಖನಿಜವಾದ ಪೈರೈಟಿನ ಜೊತೆ ಕಂಡುಬರುತ್ತವೆ. ಜಗತ್ತಿನ ಕಲ್ಲಿದ್ದಲುಗಳಲ್ಲಿ ಟನ್ನಿಗೆ ಸಾಮಾನ್ಯವಾಗಿ ಒಂದು ಗ್ರಾಮಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿ ಪಾದರಸವೂ, ಕೆಲವು ಗ್ರಾಮುಗಳಷ್ಟು ಆರ್ಸೆನಿಕ್ಕೂ ಇರುತ್ತದೆ. ಗಣಿಯಿಂದ ಗಣಿಗೆ, ಒಂದೇ ಗಣಿಯ ಪದರದಿಂದ ಪದರಕ್ಕೆ ಈ ಪ್ರಮಾಣ ಬದಲಾಗುತ್ತದೆ.

ಅನಿಲೀಕರಣದ ಶಾಖದಲ್ಲಿ ಈ ಲೋಹಗಳೆಲ್ಲವೂ ಒಂದೇ ರೀತಿ ವರ್ತಿಸುವುದಿಲ್ಲ. ಮ್ಯಾಂಗನೀಸ್, ಕ್ರೋಮಿಯಂ ಮುಂತಾದವು ಬಹುಮಟ್ಟಿಗೆ ಬೂದಿಯಲ್ಲಿಯೇ ಉಳಿಯುತ್ತವೆ. ಸೀಸ, ಕ್ಯಾಡ್ಮಿಯಂ, ಸತು, ಸೋಡಿಯಂ, ಪೊಟ್ಯಾಸಿಯಂಗಳು ಆವಿಯಾದರೂ ಅನಿಲ ತಣಿದಂತೆ ಧೂಳಿನ ಕಣಗಳ ಮೇಲೆ ಸಾಂದ್ರಗೊಳ್ಳುತ್ತವೆ. ಆದುದರಿಂದ ಅನಿಲವನ್ನು ತಣಿಸಿ, ಆವರ್ತ ಶೋಧಕಗಳಲ್ಲಿ ಸುತ್ತಿಸಿ, ಸೂಕ್ಷ್ಮ ಜರಡಿಗಳಲ್ಲಿ ಹಾಯಿಸಿ, ಕಡೆಗೆ ನೀರಿನಿಂದ ತೊಳೆದರೆ ಇವು ಬಹುಪಾಲು ಧೂಳಿನೊಡನೆಯೇ ಹೊರಬೀಳುತ್ತವೆ. ವಿದ್ಯುತ್ ಉತ್ಪಾದನೆಗಾಗಿ ಬಿಸಿ ಅನಿಲವನ್ನು ನೇರವಾಗಿ ಟರ್ಬೈನಿಗೆ ಹಾಯಿಸುವಲ್ಲಿ ಮಾತ್ರ ಸೋಡಿಯಂ, ಪೊಟ್ಯಾಸಿಯಂಗಳ ಆವಿ ಅಲಗುಗಳನ್ನು ಸವೆಸುವುದರಿಂದ ಪ್ರತ್ಯೇಕ ಎಚ್ಚರಿಕೆ ಬೇಕಾಗುತ್ತದೆ.

ಧೂಳಿನ ಜೊತೆ ಹೋಗದೆ ಅನಿಲವಾಗಿಯೇ ಮುಂದಕ್ಕೆ ಸಾಗುವವು ಪಾದರಸ, ಆರ್ಸೆನಿಕ್, ಸೆಲೆನಿಯಂಗಳು. ಪಾದರಸವು ಈ ಅನಿಲದಲ್ಲಿ ಯಾವುದರೊಡನೆಯೂ ಕೂಡದೆ ಶುದ್ಧ ಲೋಹದ ಆವಿಯಾಗಿಯೇ ಇರುತ್ತದೆ. ಆರ್ಸೆನಿಕ್ ಮತ್ತು ಸೆಲೆನಿಯಂಗಳು ಸುತ್ತಲಿನ ಜಲಜನಕದೊಡನೆ ಕೂಡಿ ಆರ್ಸೀನ್, ಹೈಡ್ರೊಜನ್ ಸೆಲೆನೈಡ್ ಎಂಬ ವಿಷಾನಿಲಗಳಾಗುತ್ತವೆ. ಹಳ್ಳಿಗಳಲ್ಲಿ ಇಲಿಪಾಷಾಣವೆಂದು ಹೆಸರಾಗಿದ್ದ ಬಿಳಿಯ ಪುಡಿ ಆರ್ಸೆನಿಕ್ಕಿನದೇ ಸಂಯುಕ್ತ. ಅದು ಘನರೂಪದ್ದಾದರೆ ಆರ್ಸೀನ್ ಅನಿಲರೂಪದ ಪಾಷಾಣ.

ತಣಿಸಿದರೆ ಪಾದರಸ ಹನಿಯಾಗಿ ಬೀಳುವುದಿಲ್ಲವೆ ಎಂದು ಓದುಗರು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿದೆ. ಟನ್ ಕಲ್ಲಿದ್ದಲಿನಲ್ಲಿ 0.1 ಗ್ರಾಂ ಪಾದರಸವಿದ್ದು, ಆ ಟನ್ನಿನಿಂದ ಸುಮಾರು 2000 ಘನಮೀಟರ್ ಅನಿಲ ಹುಟ್ಟಿದರೆ, ಪ್ರತಿ ಘನಮೀಟರಿನಲ್ಲಿ 50 ಮೈಕ್ರೋಗ್ರಾಂ ಪಾದರಸವಿರುತ್ತದೆ. ಆದರೆ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಒಂದು ಘನಮೀಟರ್ ಅನಿಲವು ಸುಮಾರು 13 ಮಿಲಿಗ್ರಾಂ, ಅಂದರೆ ಅದರ ಇನ್ನೂರೈವತ್ತು ಪಟ್ಟಿಗೂ ಹೆಚ್ಚು ಪಾದರಸದ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹೈದರಾಬಾದಿನ ಬೇಸಗೆಯಲ್ಲಿ ಇದು ಇನ್ನೂ ಹೆಚ್ಚು. ಹೀಗಾಗಿ ತಣಿಸುವಿಕೆಯೊಂದರಿಂದಲೇ ಪಾದರಸ ಹೊರಬೀಳದು. ಶುದ್ಧ ಪಾದರಸದ ಆವಿ ನೀರಿನಲ್ಲಿ ಕರಗುವುದೂ ಇಲ್ಲವೆಂಬಷ್ಟು ಕಡಿಮೆ.

ಕೊಳವೆಯಲ್ಲಿಯೇ ಹುಟ್ಟುವ ಲೋಹ

ಕಲ್ಲಿದ್ದಲಿನಿಂದ ಬಾರದೆ ಸ್ಥಾವರದ ಒಡಲಿನಲ್ಲಿಯೇ ಹುಟ್ಟುವ ಲೋಹಾಂಶಗಳೂ ಇವೆ. ಈ ವಿಷಯದ ಅತ್ಯಂತ ಕುತೂಹಲಕರ ಭಾಗ ಇದೇ ಎನ್ನಬಹುದು.

1890ರಲ್ಲಿ ಇಂಗ್ಲೆಂಡಿನಲ್ಲಿ ಲುಡ್ವಿಗ್ ಮಾಂಡ್ ಮತ್ತು ಅವರ ಸಹೋದ್ಯೋಗಿಗಳಾದ ಲ್ಯಾಂಗರ್, ಕ್ವಿಂಕೆ ಎಂಬವರು ಒಂದು ವಿಚಿತ್ರವನ್ನು ಪ್ರಕಟಪಡಿಸಿದರು. ಮಾಂಡ್ ಅವರ ಸೋಡಾ ಉದ್ಯಮದಲ್ಲಿ ನಿಕ್ಕಲ್ ಕವಾಟಗಳು ಕಾರಣವಿಲ್ಲದೆ ಸವೆಯುತ್ತಿದ್ದವು. ಅನಿಲದಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ನಿಕ್ಕಲ್ಲಿನೊಡನೆ ಕೂಡಿ ಒಂದು ಆವಿಯಾಗುತ್ತಿದೆ ಎಂಬುದು ಪ್ರಯೋಗಗಳಿಂದ ತಿಳಿದುಬಂತು. ಗಟ್ಟಿಯಾದ ಲೋಹವೊಂದು ಸಾಧಾರಣ ಉಷ್ಣತೆಯಲ್ಲಿ ಗಾಳಿಯಾಗಿ ಹೋಗುವುದೆಂದರೆ ಅಂದಿನ ರಸಾಯನ ವಿಜ್ಞಾನಿಗಳಿಗೆ ನಂಬಲು ಕಷ್ಟವಾಗಿತ್ತು. ನಿಕ್ಕಲ್ ಕಾರ್ಬೊನಿಲ್ ಎಂಬ ಈ ದ್ರವ ಕುದಿಯುವುದು 43 ಡಿಗ್ರಿಯಲ್ಲಿ, ಅಂದರೆ ರಾಯಚೂರು, ಕಲಬುರಗಿಗಳ ಮೇ ತಿಂಗಳ ಬಿಸಿಲಿನಲ್ಲಿ! ಕಬ್ಬಿಣವೂ ಇದೇ ಬಗೆಯ ಸಂಯುಕ್ತವನ್ನು ಕೊಡುತ್ತದೆಂದು ಮರುವರ್ಷವೇ ತಿಳಿಯಿತು. ಅದರ ಕುದಿಬಿಂದು 103 ಡಿಗ್ರಿ. ಮಾಂಡ್ ಈ ತೊಂದರೆಯನ್ನೇ ಲಾಭಕ್ಕೆ ತಿರುಗಿಸಿಕೊಂಡರು. ಸುಮಾರು 50 ಡಿಗ್ರಿಯಲ್ಲಿ ನಿಕ್ಕಲ್ಲನ್ನು ಆವಿಯಾಗಿಸಿ, 200 ಡಿಗ್ರಿಯ ಮೇಲೆ ಮತ್ತೆ ಒಡೆದು ಶುದ್ಧ ನಿಕ್ಕಲ್ ಪಡೆಯುವ ಅವರ ವಿಧಾನ ಇಂದಿಗೂ ಪ್ರಸಿದ್ಧವಾಗಿದೆ.

ಸಂಶ್ಲೇಷಣಾ ಅನಿಲದ ಸ್ಥಾವರದಲ್ಲಿ ಇದೇ ನಾಟಕ ಬೇಡದ ಜಾಗದಲ್ಲಿ ನಡೆಯುತ್ತದೆ. ಒತ್ತಡದಲ್ಲಿರುವ ಕಾರ್ಬನ್ ಮಾನಾಕ್ಸೈಡ್, ಸ್ಥೂಲವಾಗಿ 100ರಿಂದ 250 ಡಿಗ್ರಿಯ ನಡುವೆ ಸಾಧಾರಣ ಉಕ್ಕಿನ ಕೊಳವೆ ಮತ್ತು ಶಾಖ ವಿನಿಮಯಕಗಳಲ್ಲಿ ಹಾಯುವಾಗ ಕಬ್ಬಿಣವನ್ನು ಕಣಕಣವಾಗಿ ಕಿತ್ತು ಒಯ್ಯುತ್ತದೆ. ಐದು ಅಣು ಅನಿಲ ಒಂದು ಪರಮಾಣು ಕಬ್ಬಿಣದೊಡನೆ ಸೇರಿ ಒಂದೇ ಅಣುವಾಗುವುದರಿಂದ ಒತ್ತಡ ಹೆಚ್ಚಿದಷ್ಟೂ ಈ ಕ್ರಿಯೆಗೆ ಅನುಕೂಲ. ಮುಂದೆ ಮೆಥನಾಲ್ ತಯಾರಾಗುವ ಬಿಸಿ ಸ್ತರಕ್ಕೆ ಬಂದೊಡನೆ ಆ ಆವಿ ಒಡೆದು, ಹೊತ್ತು ತಂದ ಕಬ್ಬಿಣವನ್ನು ಅಲ್ಲಿ ಇಳಿಸಿಬಿಡುತ್ತದೆ. ಕಾರ್ಬನ್ ಮಾನಾಕ್ಸೈಡನ್ನು ಉಕ್ಕಿನ ಸಿಲಿಂಡರಿನಲ್ಲಿ ಬಹುದಿನ ಇಟ್ಟರೂ ಹೀಗೆಯೇ ಆಗುವುದರಿಂದ, ಸೂಕ್ಷ್ಮ ಪ್ರಯೋಗಗಳಿಗೆ ಅಲ್ಯೂಮಿನಿಯಂ ಸಿಲಿಂಡರುಗಳನ್ನು ಆರಿಸಿಕೊಳ್ಳುವುದುಂಟು.

ಇಷ್ಟು ಅಲ್ಪ ಪ್ರಮಾಣಕ್ಕೆ ಇಷ್ಟು ಆತಂಕವೇಕೆ?

ಮೆಥನಾಲ್ ತಯಾರಿಕೆಯ ಜೀವಾಳ ಅದರ ಕ್ರಿಯಾವರ್ಧಕ. 1923ರಲ್ಲಿ ಜರ್ಮನಿಯಲ್ಲಿ ಕೈಗಾರಿಕಾ ಮಟ್ಟದ ತಯಾರಿಕೆ ಆರಂಭವಾದಾಗ ಬಳಸಿದ್ದು ಸತು ಮತ್ತು ಕ್ರೋಮಿಯಂ ಆಕ್ಸೈಡುಗಳ ಮಿಶ್ರಣ. ಅದು ಗಟ್ಟಿಮುಟ್ಟಾಗಿತ್ತು, ಆದರೆ 300 ಡಿಗ್ರಿಗೂ ಹೆಚ್ಚಿನ ಉಷ್ಣತೆಯನ್ನೂ ನೂರಾರು ವಾಯುಭಾರದ ಒತ್ತಡವನ್ನೂ ಬೇಡುತ್ತಿತ್ತು. 1966ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಬಳಕೆಗೆ ತಂದ ತಾಮ್ರ, ಸತು, ಅಲ್ಯೂಮಿನಾಗಳ ಕ್ರಿಯಾವರ್ಧಕವು 220ರಿಂದ 280 ಡಿಗ್ರಿಯಲ್ಲಿ, 50ರಿಂದ 100 ವಾಯುಭಾರದಲ್ಲಿಯೇ ಕೆಲಸ ಮಾಡಿತು. ಇಂದು ಜಗತ್ತಿನ ಮೆಥನಾಲೆಲ್ಲ ಬಹುತೇಕ ಈ ವಂಶದ ಕ್ರಿಯಾವರ್ಧಕಗಳಿಂದಲೇ ಬರುತ್ತಿದೆ. ಆದರೆ ತಾಮ್ರ ಸೂಕ್ಷ್ಮ ಪ್ರಕೃತಿಯದು. ಗಂಧಕ ಅದಕ್ಕೆ ಆಗದು, ಆರ್ಸೆನಿಕ್ ಅದರ ಮೇಲೆ ಶಾಶ್ವತವಾಗಿ ಕೂತುಬಿಡುತ್ತದೆ. ಕಬ್ಬಿಣ, ನಿಕ್ಕಲ್‌ಗಳು ರಂಧ್ರಗಳನ್ನು ಮುಚ್ಚುವುದಲ್ಲದೆ, ತಾವೇ ಬೇರೊಂದು ಬಗೆಯ ಕ್ರಿಯಾವರ್ಧಕಗಳಾಗಿ ಮೆಥನಾಲಿನ ಬದಲು ಮೀಥೇನ್, ಮೇಣ ಮುಂತಾದ ಬೇಡದ ಪದಾರ್ಥಗಳನ್ನು ಹುಟ್ಟಿಸತೊಡಗುತ್ತವೆ.

ಪ್ರಮಾಣದ ಕಲ್ಪನೆಗಾಗಿ ದಿನಕ್ಕೆ 1000 ಟನ್ ಮೆಥನಾಲ್ ತಯಾರಿಸುವ ಕಾರ್ಖಾನೆಯನ್ನು ಊಹಿಸಿಕೊಳ್ಳೋಣ. ರಸಾಯನಶಾಸ್ತ್ರದ ಸಮೀಕರಣದ ಪ್ರಕಾರ ಅದಕ್ಕೆ ದಿನವೊಂದಕ್ಕೆ ಸುಮಾರು 21 ಲಕ್ಷ ಘನಮೀಟರ್ ಶುದ್ಧ ಅನಿಲ ಬೇಕು. ಅದರಲ್ಲಿ ಪ್ರತಿ ಕೋಟಿ ಅಣುಗಳಿಗೆ ಒಂದೇ ಒಂದು ಕಬ್ಬಿಣದ ಕಾರ್ಬೊನಿಲ್ ಅಣು ಇದ್ದರೂ, ದಿನಕ್ಕೆ ಅರ್ಧ ಕಿಲೋಗ್ರಾಮಿಗಿಂತ ತುಸು ಹೆಚ್ಚು ಕಬ್ಬಿಣ ಕ್ರಿಯಾವರ್ಧಕದ ಮೇಲೆ ಬಂದು ಬೀಳುತ್ತದೆ. ವರ್ಷದಲ್ಲಿ 330 ದಿನ ಕಾರ್ಖಾನೆ ನಡೆದರೆ 170 ಕಿಲೋಗ್ರಾಂ ಮೀರಿತು. ಆರ್ಸೀನ್ ನೂರು ಕೋಟಿಗೆ ಹತ್ತು ಅಣುಗಳಿದ್ದರೆ ದಿನಕ್ಕೆ 70 ಗ್ರಾಂ ಆರ್ಸೆನಿಕ್, ವರ್ಷಕ್ಕೆ 23 ಕಿಲೋಗ್ರಾಂ. ಹೊರಗೆ ಹೋಗಲು ದಾರಿಯಿಲ್ಲದೆ ಒಂದೇ ಕಡೆ ಶೇಖರವಾಗುವುದೇ ಲೇಶ ಲೋಹಗಳ ಅಪಾಯ. ಮೂರು ನಾಲ್ಕು ವರ್ಷ ಬಾಳಬೇಕಾದ ಕ್ರಿಯಾವರ್ಧಕ ಕೆಲವೇ ತಿಂಗಳಲ್ಲಿ ಸೋತುಹೋದರೆ ಆರ್ಥಿಕ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ.

ಇದು ಬರಿಯ ಊಹೆಯಲ್ಲ. ಅಮೆರಿಕದ ಟೆನೆಸೀ ಪ್ರಾಂತದ ಕಿಂಗ್ಸ್‌ಪೋರ್ಟಿನಲ್ಲಿ ಈಸ್ಟ್‌ಮನ್ ಸಂಸ್ಥೆಯು 1983ರಲ್ಲಿ ಕಲ್ಲಿದ್ದಲಿನಿಂದ ರಾಸಾಯನಿಕಗಳನ್ನು ತಯಾರಿಸುವ ಕಾರ್ಖಾನೆಯನ್ನು ಆರಂಭಿಸಿತು. ಅಲ್ಲಿ 1997ರಿಂದ ನಡೆದ ದ್ರವಮಾಧ್ಯಮದ ಮೆಥನಾಲ್ ಪ್ರಾತ್ಯಕ್ಷಿಕೆಯಲ್ಲಿ ಕ್ರಿಯಾವರ್ಧಕದ ಶಕ್ತಿ ನಿರೀಕ್ಷೆಗಿಂತ ಬೇಗ ಕುಂದುತ್ತಿರುವುದು ಕಂಡುಬಂತು. ಬಳಸಿದ ಪುಡಿಯನ್ನು ಪರೀಕ್ಷಿಸಿದಾಗ ಆರ್ಸೆನಿಕ್ಕೂ ಕಬ್ಬಿಣವೂ ಅದರ ಮೇಲೆ ಸಂಗ್ರಹವಾಗಿದ್ದವು.

ಹಿಡಿಯುವ ಉಪಾಯಗಳು

ಪಾದರಸವನ್ನು ಹಿಡಿಯುವ ಉಪಾಯ ನಮ್ಮ ರಸವೈದ್ಯರಿಗೆ ಅಪರಿಚಿತವಾದುದಲ್ಲ. ಪಾದರಸವನ್ನೂ ಗಂಧಕವನ್ನೂ ಕಲ್ವದಲ್ಲಿ ಹಾಕಿ ಅರೆದರೆ ಎರಡೂ ಮಾಯವಾಗಿ ಕಾಡಿಗೆಯಂಥ ಕಪ್ಪು ಪುಡಿಯಾಗುತ್ತದೆ. ಇದನ್ನು ಕಜ್ಜಳಿ ಎನ್ನುತ್ತಾರೆ. ಚಿತ್ರಕಾರರು ಕೆಂಪು ಬಣ್ಣಕ್ಕೆ ಬಳಸುತ್ತಿದ್ದ ಇಂಗಳೀಕವೂ ರಾಸಾಯನಿಕವಾಗಿ ಇದೇ ಪಾದರಸದ ಸಲ್ಫೈಡ್, ಹರಳಿನ ರಚನೆ ಮಾತ್ರ ಬೇರೆ. ಗಂಧಕದ ಕೈಗೆ ಸಿಕ್ಕ ಪಾದರಸ ಸುಲಭವಾಗಿ ಬಿಡಿಸಿಕೊಳ್ಳಲಾರದು.

ಕಾರ್ಖಾನೆಯಲ್ಲಿ ಅರೆಯುವ ಬದಲು ಸಕ್ರಿಯ ಇದ್ದಿಲನ್ನು ಬಳಸುತ್ತಾರೆ. ತೆಂಗಿನ ಚಿಪ್ಪು, ಕಲ್ಲಿದ್ದಲು ಮುಂತಾದವುಗಳಿಂದ ತಯಾರಿಸಿದ ಈ ಇದ್ದಿಲಿನ ಒಳಗೆ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿದ್ದು, ಒಂದು ಗ್ರಾಮಿನ ಒಳಮೈ ಸಾವಿರ ಚದರ ಮೀಟರಿನಷ್ಟಿರಬಹುದು. ಈ ಮೈಗೆ ಗಂಧಕವನ್ನು ಲೇಪಿಸಿ, ಅದನ್ನು ಗೋಪುರದಂಥ ಪಾತ್ರೆಯಲ್ಲಿ ತುಂಬಿ, ತಣಿಸಿದ ಅನಿಲವನ್ನು ಅದರ ಮೂಲಕ ಹಾಯಿಸಿದರೆ ಪಾದರಸ ಅಲ್ಲಿಯೇ ಸಲ್ಫೈಡಾಗಿ ನಿಲ್ಲುತ್ತದೆ. ಕಿಂಗ್ಸ್‌ಪೋರ್ಟಿನಲ್ಲಿ ಸುಮಾರು 30 ಡಿಗ್ರಿ ಉಷ್ಣತೆಯಲ್ಲಿ ಇಂಥ ಸ್ತರಗಳು ದಶಕಗಳ ಕಾಲ ಕೆಲಸ ಮಾಡಿ, ಪಾದರಸದ ಶೇಕಡ 90ಕ್ಕಿಂತ ಹೆಚ್ಚು ಭಾಗವನ್ನು ತಡೆದಿವೆ. ಅಲ್ಲಿಯ ಅನುಭವದಲ್ಲಿ ಇದ್ದಿಲನ್ನು ಬದಲಾಯಿಸಬೇಕಾಗಿ ಬಂದದ್ದು ಪಾದರಸ ತುಂಬಿ ಹೋದದ್ದರಿಂದಲ್ಲ. ತೇವ ಮತ್ತು ಇತರ ಕಲ್ಮಷಗಳು ಸೇರಿಕೊಂಡು ಅನಿಲದ ಹರಿವಿಗೆ ಅಡ್ಡಿಯಾದದ್ದು ಅದಕ್ಕೆ ಕಾರಣ. ಆದುದರಿಂದ ಅನಿಲವನ್ನು ಈ ಸ್ತರಕ್ಕೆ ಕಳುಹಿಸುವ ಮುನ್ನ ತೊಟ್ಟಿಕ್ಕುವ ನೀರನ್ನು ಬೇರ್ಪಡಿಸುವುದು, ಟಾರಿನ ಎಳೆಯನ್ನು ತೆಗೆಯುವುದು ಅತ್ಯಗತ್ಯ. ದ್ರವೀಕೃತ ಸ್ತರದ ಸ್ಥಾವರಗಳಲ್ಲಿ ಧೂಳು ಹೆಚ್ಚಾದ್ದರಿಂದ ಜರಡಿಯ ಕೆಲಸ ಕೆಟ್ಟರೆ ಮುಂದಿನದೆಲ್ಲ ಕೆಡುತ್ತದೆ.

ಆರ್ಸೀನಿಗೆ ಗಂಧಕದ ಇದ್ದಿಲು ಅಷ್ಟಾಗಿ ನಾಟುವುದಿಲ್ಲ. ತಾಮ್ರದ ಆಕ್ಸೈಡ್ ಅಥವಾ ಸೀಸದ ಆಕ್ಸೈಡನ್ನು ಲೇಪಿಸಿದ ಇದ್ದಿಲು ಇಲ್ಲವೆ ಅಲ್ಯೂಮಿನಾ ಉಂಡೆಗಳನ್ನು ಅದಕ್ಕೆ ಬಳಸಲಾಗುತ್ತದೆ. ಒಂದು ರೀತಿಯಲ್ಲಿ ಇದು ತಾಮ್ರವನ್ನು ಉಳಿಸಲು ತಾಮ್ರವನ್ನೇ ಬಲಿ ಕೊಡುವ ಉಪಾಯ. ಬೆಲೆಬಾಳುವ ಕ್ರಿಯಾವರ್ಧಕದ ಮುಂದೆ ಅಗ್ಗದ ತಾಮ್ರದ ಸ್ತರವೊಂದನ್ನು ಕಾವಲಿಗಿಟ್ಟು, ವಿಷವನ್ನು ಅದು ಕುಡಿಯುವಂತೆ ಮಾಡುವುದು. ಇದಕ್ಕೆ ಕಾವಲು ಸ್ತರವೆಂದೇ ಹೆಸರು.

ಕಾರ್ಬೊನಿಲ್‌ಗಳ ವಿಷಯದಲ್ಲಿ ಹಿಡಿಯುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಮೇಲು. ಅಪಾಯದ ಉಷ್ಣತೆಯ ವಲಯದಲ್ಲಿ ಸಾಧಾರಣ ಉಕ್ಕಿನ ಬದಲು ಕ್ರೋಮಿಯಂ ಹೆಚ್ಚಿರುವ ತುಕ್ಕುರಹಿತ ಉಕ್ಕನ್ನು ಬಳಸುವುದು, ಬಿಸಿ ಅನಿಲವನ್ನು ಆ ವಲಯದ ಮೂಲಕ ಬೇಗನೆ ದಾಟಿಸುವುದು ರೂಢಿ. ತಪ್ಪಿಸಿಕೊಂಡು ಬಂದವನ್ನು ಸಕ್ರಿಯ ಇದ್ದಿಲು ಅಥವಾ ಜಿಯೊಲೈಟ್ ಹರಳುಗಳಲ್ಲಿ ಹೀರಿಸುತ್ತಾರೆ. ಕಾವಲು ಸ್ತರವನ್ನು ಕ್ರಿಯಾವರ್ಧಕಕ್ಕೆ ಆದಷ್ಟು ಸಮೀಪದಲ್ಲಿ ಇಡಬೇಕು. ಎರಡರ ನಡುವೆ ನೂರು ಮೀಟರ್ ಸಾಧಾರಣ ಉಕ್ಕಿನ ಬಿಸಿ ಕೊಳವೆಯಿದ್ದರೆ, ತೆಗೆದದ್ದೆಲ್ಲ ಮತ್ತೆ ಸೇರಿಕೊಳ್ಳುತ್ತದೆ! ನಕ್ಷೆಯಲ್ಲಿ ಚೆನ್ನಾಗಿ ಕಾಣುವ ಸ್ಥಾವರ ನೆಲದ ಮೇಲೆ ಕೈಕೊಡುವುದು ಹೀಗೆಯೇ.

ಇದ್ದಿಲಿನ ಸ್ತರಗಳಿಗೆ ಅನಿಲವನ್ನು ತಣ್ಣಗಾಗಿಸಲೇಬೇಕಾಗುತ್ತದೆ. ಮತ್ತೆ ಕಾಯಿಸುವಾಗ ಶಕ್ತಿ ವ್ಯಯವಾಗುತ್ತದೆ. ಇದನ್ನು ತಪ್ಪಿಸಲು ಅಮೆರಿಕದ ರಾಷ್ಟ್ರೀಯ ಶಕ್ತಿ ತಂತ್ರಜ್ಞಾನ ಪ್ರಯೋಗಾಲಯ ಮತ್ತು ಬ್ರಿಟನ್ನಿನ ಜಾನ್ಸನ್ ಮ್ಯಾಥಿ ಸಂಸ್ಥೆ ಸೇರಿ ಅಲ್ಯೂಮಿನಾ ಮೇಲೆ ಪೆಲ್ಲೇಡಿಯಂ ಲೇಪಿಸಿದ ಹೀರುಕವನ್ನು ರೂಪಿಸಿವೆ. 200 ಡಿಗ್ರಿಗೂ ಮೇಲ್ಪಟ್ಟ ಉಷ್ಣತೆಯಲ್ಲಿಯೂ ಇದು ಪಾದರಸ, ಆರ್ಸೆನಿಕ್, ಸೆಲೆನಿಯಂಗಳನ್ನು ಒಟ್ಟಿಗೆ ಹಿಡಿಯಬಲ್ಲುದೆಂದು ಅಲಬಾಮಾದ ವಿಲ್ಸನ್‌ವಿಲ್ಲೆಯಲ್ಲಿ ನಿಜವಾದ ಅನಿಲದ ಮೇಲೆ ನಡೆದ ಪರೀಕ್ಷೆಗಳು ತೋರಿಸಿವೆ. ಪೆಲ್ಲೇಡಿಯಂ ಬೆಲೆ ಚಿನ್ನದ ಸಾಲಿನಲ್ಲಿ ಎಣಿಸುವಂಥದು. ನಮ್ಮಂಥ ದೇಶದಲ್ಲಿ ತೆಂಗಿನ ಚಿಪ್ಪಿನ ಇದ್ದಿಲಿಗೇ ಮೊದಲ ಮಣೆ ಸಲ್ಲಬೇಕೆಂಬುದು ಈ ಲೇಖಕನ ಅಭಿಪ್ರಾಯ.

ಇವೆಲ್ಲ ಎಷ್ಟರಮಟ್ಟಿಗೆ ಫಲಿಸಿವೆ ಎಂದು ಅಳೆಯುವುದು ಹಿಡಿಯುವುದಕ್ಕಿಂತ ಕಷ್ಟ. ಪರೀಕ್ಷೆಗೆಂದು ತೆಗೆದ ಅನಿಲದಲ್ಲಿರುವ ಪಾದರಸ ಮಾದರಿ ನಳಿಕೆಯ ಗೋಡೆಗೇ ಅಂಟಿಕೊಂಡು, ಉಪಕರಣ ಸೊನ್ನೆ ತೋರಿಸಬಹುದು. ಉಕ್ಕಿನ ನಳಿಕೆಯಾದರೆ ಇಲ್ಲದ ಕಾರ್ಬೊನಿಲ್ಲನ್ನು ತಾನೇ ಹುಟ್ಟಿಸಿ ಇದೆಯೆಂದು ಹೇಳಬಹುದು. ಲೇಶ ಲೋಹದ ಅಂಕಿಯೊಂದನ್ನು ಓದುವಾಗ ಅದನ್ನು ಯಾವ ನಳಿಕೆಯಿಂದ, ಎಷ್ಟು ಉಷ್ಣತೆಯಲ್ಲಿ ತೆಗೆದರೆಂದು ಮೊದಲು ವಿಚಾರಿಸುವುದು ಒಳ್ಳೆಯದು.

ರಾಯಚೂರು ಮತ್ತು ಮಂಜೀರಾ

ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾದಂದಿನಿಂದ ಕಲ್ಲಿದ್ದಲು ಹೊರರಾಜ್ಯಗಳಿಂದಲೇ ಬರುತ್ತಿದ್ದು, ತೆಲಂಗಾಣದ ಸಿಂಗರೇಣಿ ಗಣಿಗಳು ಅದರ ಪ್ರಮುಖ ಮೂಲಗಳಲ್ಲಿ ಒಂದು. ಆ ಕಲ್ಲಿದ್ದಲಿನಲ್ಲಿರುವ ಪಾದರಸವೂ ಅದರೊಡನೆಯೇ ಬರುತ್ತದೆ. ನೇರವಾಗಿ ಉರಿಸುವಲ್ಲಿ ಅದು ಅಪಾರ ಪ್ರಮಾಣದ ಹೊಗೆಯಲ್ಲಿ ಬೆರೆತುಹೋಗುತ್ತದೆ. ಅಂಥ ಕೇಂದ್ರಗಳ ಹೊಗೆಯಲ್ಲಿ ಪಾದರಸವು ಘನಮೀಟರಿಗೆ 0.03 ಮಿಲಿಗ್ರಾಂ ಮೀರಬಾರದೆಂದು ಕೇಂದ್ರ ಪರಿಸರ ಸಚಿವಾಲಯವು 2015ರ ಡಿಸೆಂಬರಿನಲ್ಲಿ ಮಿತಿ ವಿಧಿಸಿದೆ.

ಅನಿಲೀಕರಣದಲ್ಲಿ ಪರಿಸ್ಥಿತಿ ಬೇರೆ. ಮೇಲೆ ಲೆಕ್ಕ ಹಾಕಿದ 2000 ಘನಮೀಟರ್ ಅನಿಲವು 30 ವಾಯುಭಾರದ ಒತ್ತಡದಲ್ಲಿ 70 ಘನಮೀಟರಿಗೂ ಕಡಿಮೆ ಜಾಗದಲ್ಲಿ ಅಡಗುತ್ತದೆ. ಚಿಕ್ಕ ಪಾತ್ರೆ ಸಾಕು, ಸ್ವಲ್ಪ ಇದ್ದಿಲು ಸಾಕು. ಕ್ರಿಯಾವರ್ಧಕದ ರಕ್ಷಣೆಗಾಗಿ ಹೇಗೂ ಮಾಡಲೇಬೇಕಾದ ಶುದ್ಧೀಕರಣದಿಂದ ಊರಿನ ಗಾಳಿಗೂ ಲಾಭವಾಗುತ್ತದೆ. ಆದರೆ ಹಿಡಿದ ಲೋಹ ನಾಶವಾಗುವುದಿಲ್ಲ. ಟಾರನ್ನು ಸುಡಬಹುದು, ಅಮೋನಿಯಾವನ್ನು ಒಡೆಯಬಹುದು. ಪಾದರಸ ಪಾದರಸವಾಗಿಯೇ ಇರುತ್ತದೆ. ಹೈದರಾಬಾದಿನ ಪುಟ್ಟ ಸ್ಥಾವರದಂಥ ಕಡೆ ಟನ್ನಿಗೆ 0.1 ಗ್ರಾಮಿನಂತೆ ಲೆಕ್ಕ ಹಾಕಿದರೆ ದಿನಕ್ಕೆ 0.12 ಗ್ರಾಂ ಮಾತ್ರ. ಆದರೆ 2030ರ ಹೊತ್ತಿಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲೀಕರಿಸುವುದು ರಾಷ್ಟ್ರದ ಗುರಿ. ಇದರ ಪ್ರೋತ್ಸಾಹಕ್ಕಾಗಿ ಕೇಂದ್ರ ಸಚಿವ ಸಂಪುಟವು 2024ರ ಜನವರಿಯಲ್ಲಿ 8,500 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಅದೇ ಲೆಕ್ಕದಲ್ಲಿ ಆ ಕಲ್ಲಿದ್ದಲಿನೊಡನೆ ಗಣಿಯಿಂದ ಹೊರಬರುವ ಪಾದರಸ ವರ್ಷಕ್ಕೆ 10 ಟನ್. ಪಾದರಸದ ನಿಯಂತ್ರಣಕ್ಕಾಗಿ ರೂಪುಗೊಂಡ ಮಿನಮಾಟಾ ಒಡಂಬಡಿಕೆಯನ್ನು ಭಾರತವು 2018ರಲ್ಲಿ ಸ್ಥಿರೀಕರಿಸಿರುವುದನ್ನು ಇಲ್ಲಿ ನೆನೆಯಬಹುದು.

ಹಿಡಿದ ವಿಷ ನೀರಿಗೆ ಸೇರಿದರೆ ಏನಾಗುತ್ತದೆಂಬುದಕ್ಕೆ ಹೈದರಾಬಾದಿನವರು ದೂರ ಹೋಗಬೇಕಿಲ್ಲ. ನಗರದ ಪಶ್ಚಿಮಕ್ಕಿರುವ ಪಟಾನ್‌ಚೆರು ಕೈಗಾರಿಕಾ ಪ್ರದೇಶದ ನಕ್ಕವಾಗು ಹಳ್ಳದ ಸುತ್ತಿನ ಮಣ್ಣು ನೀರುಗಳಲ್ಲಿ ಆರ್ಸೆನಿಕ್ ಸೇರಿದಂತೆ ಭಾರಲೋಹಗಳಿರುವುದನ್ನು ಅದೇ ನಗರದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದ್ದಾರೆ. ಆ ಮಾಲಿನ್ಯ ಬೇರೆ ಉದ್ಯಮಗಳದು, ಕಲ್ಲಿದ್ದಲಿನದಲ್ಲ. ಆ ಹಳ್ಳ ಸೇರುವುದು ಬೀದರ್ ಜಿಲ್ಲೆಯನ್ನು ಹಾದು ಬಂದ ಮಂಜೀರಾ ನದಿಯನ್ನು. ಅನಿಲವನ್ನು ತೊಳೆದ ನೀರಿನಲ್ಲಿಯೂ ಸೀಸ, ಸೆಲೆನಿಯಂ, ಆರ್ಸೆನಿಕ್‌ಗಳಿರುವುದರಿಂದ ಅದನ್ನು ಶುದ್ಧೀಕರಿಸದೆ ಹೊರಬಿಡುವಂತಿಲ್ಲ.

ಬಳಸಿದ ಇದ್ದಿಲಿನ ನಿರ್ವಹಣೆಗೂ ಕ್ರಮವಿದೆ. ಪಾತ್ರೆಯನ್ನು ತೆರೆಯುವ ಮುನ್ನ ಸಾರಜನಕವನ್ನು ಹಾಯಿಸಿ, ಒಳಗೆ ಕಾರ್ಬನ್ ಮಾನಾಕ್ಸೈಡ್ ಮತ್ತು ಕಾರ್ಬೊನಿಲ್‌ಗಳು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಿಕ್ಕಲ್ ಕಾರ್ಬೊನಿಲ್ ಉಸಿರಿಗೆ ಹೋದರೆ ಮೊದಲು ಸಾಧಾರಣ ತಲೆನೋವಿನಂತೆ ಕಂಡು, ಗಂಟೆಗಳ ಅಥವಾ ದಿನಗಳ ಬಳಿಕ ಶ್ವಾಸಕೋಶವನ್ನು ಕೆಡಿಸುತ್ತದೆ. ಆದ್ದರಿಂದ ಕೆಲಸಗಾರರಿಗೆ ಪ್ರತ್ಯೇಕ ಗಾಳಿ ಒದಗಿಸುವ ಮುಖವಾಡ ಅತ್ಯವಶ್ಯ. ಕಬ್ಬಿಣ ಹೀರಿದ ಇದ್ದಿಲು ಗಾಳಿ ತಗುಲಿದೊಡನೆ ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಹೊರತೆಗೆದ ಇದ್ದಿಲನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಪಾದರಸವನ್ನು ಮರಳಿ ಪಡೆಯಬಹುದು. ಇಲ್ಲವಾದರೆ ಹೈದರಾಬಾದಿನ ಹೊರವಲಯದ ದುಂಡಿಗಲ್‌ನಲ್ಲಿರುವಂಥ ಅಧಿಕೃತ ಅಪಾಯಕಾರಿ ತ್ಯಾಜ್ಯ ಸಂಗ್ರಹಾಗಾರಕ್ಕೆ, ಜಲಾಭೇದ್ಯ ಹಾಸಿನ ಮೇಲೆ ಹೂಳಲು ಕಳುಹಿಸಬೇಕಾಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಪ್ರತಿ ರವಾನೆಯ ಜೊತೆಗೂ ಅದರ ವಿವರ ಹಾಗೂ ಪ್ರಮಾಣಗಳನ್ನು ನಮೂದಿಸಿದ ಪತ್ರ ಹೋಗಬೇಕು. ಆ ಪತ್ರದ ಪ್ರತಿಯೊಂದು ತ್ಯಾಜ್ಯವನ್ನು ಪಡೆದವರ ಸಹಿಯೊಡನೆ ಕಳುಹಿಸಿದವರಿಗೆ ಮರಳಿ ಬರಬೇಕು.